ಹೊಸ್ತಿಲ ಹೊರಗೆ ನಿಂತು ಕಲಿಸಿದ ರೊಟ್ಟಿ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಗಡಿಯಾಚೆ ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ಪವರ್‌ಲೂಮ್ ನಡೆಸುತ್ತಿದ್ದ. ಅವ್ವ ಅದೇ ಶೆಡ್ಡಿನ ಮೂಲೆಯಲ್ಲಿ ಕೂತು ಕಾಂಡಿ ಸುತ್ತುತ್ತಿದ್ದಳು. ಕಾಂಡಿ ಅಂದರೆ ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಕೊಳವೆ. ನನಗೆ ಗಡಹಿಂಗ್ಲಜ ತಾಲೂಕಿನ ಅಜ್ಜಿಯ ಊರಲ್ಲಿ ಏಳನೆಯ ತರಗತಿಯವರೆಗೆ ಕನ್ನಡ ಶಾಲೆ, ಆಮೇಲೆ ಇಚಲಕರಂಜಿಯಲ್ಲಿ ಮರಾಠಿ, ಕೊನೆಗೆ ಕೊಲ್ಹಾಪುರದ ಕಾಲೇಜು. ಹೋಗುವಾಗ ಬಸ್ಸಿನಲ್ಲಿ ಓದಿ, ಬಂದ ಮೇಲೆ ಅವ್ವನ ಪಕ್ಕ ಕೂತು ಕಾಂಡಿ ಸುತ್ತಿ, ಹಾಗೆ ಬಿ.ಎ. ಮುಗಿಸಿದೆ. ಈಗ ಒಂದು ಶಾಲೆಯ ಆಫೀಸಿನಲ್ಲಿ ಕ್ಲಾರ್ಕ್. ನಮ್ಮ ಚರ್ಚಿನ ಸ್ತ್ರೀ ಮಂಡಳಿಗೆ ನಾನು ಕಾರ್ಯದರ್ಶಿಯಾದದ್ದೂ ಭಕ್ತಿಯಿಂದಲ್ಲ, ಡಿಗ್ರಿಯಿಂದಲೇ. ಕೊಲ್ಹಾಪುರದಲ್ಲಿರುವ ಚರ್ಚಿನ ಮುಖ್ಯ ಕಚೇರಿಯಿಂದ ಬರುವ ಪತ್ರಗಳನ್ನು ಓದಿ ಉತ್ತರ ಬರೆಯಲು ಒಬ್ಬಳು ಬೇಕಾಗಿತ್ತು.

ಮಂಡಳಿ ಹಳೆಯದು. ನಮ್ಮ ಅಜ್ಜಿಯ ಕಾಲದಲ್ಲಿ ಅದಕ್ಕೆ ಜೀವ ಇತ್ತಂತೆ. ನಾನು ಸೇರುವ ಹೊತ್ತಿಗೆ ಉಳಿದದ್ದು ಎರಡೇ ಕೆಲಸ: ವರ್ಷಕ್ಕೊಮ್ಮೆ ಕೊಲ್ಹಾಪುರದ ಸಮ್ಮೇಳನಕ್ಕೆ ಹೋಗಿ ಬರುವುದು, ಮತ್ತು ಹಿಡಿಕಾಳು. ಅಡುಗೆಗೆ ಅಕ್ಕಿಯನ್ನೋ ಜೋಳವನ್ನೋ ಅಳೆಯುವಾಗ ಒಂದು ಹಿಡಿಯನ್ನು ದೇವರಿಗೆಂದು ಬೇರೆ ಡಬ್ಬಿಗೆ ಹಾಕುವುದು ನಮ್ಮ ಹೆಂಗಸರ ರೂಢಿ. ತಿಂಗಳ ಕೊನೆಯ ಭಾನುವಾರ ಎಲ್ಲರ ಡಬ್ಬಿಗಳು ವೇದಿಕೆಯ ಮುಂದೆ ಒಂದೇ ಚೀಲಕ್ಕೆ ಸುರಿಯುತ್ತವೆ. ಸಣ್ಣಕ್ಕಿ, ರೇಶನ್ ಅಕ್ಕಿ, ನುಚ್ಚು, ಜೋಳ ಎಲ್ಲ ಕಲಸಿಹೋದ ಆ ಕಾಳನ್ನು ಬೇಯಿಸಿ ಉಣ್ಣುವುದು ಕಷ್ಟ. ಆರಾಧನೆ ಮುಗಿದ ಮೇಲೆ ಅದನ್ನು ಸವಾಲಿಗೆ, ಅಂದರೆ ಹರಾಜಿಗೆ, ಹಾಕುತ್ತಿದ್ದರು. ಕೋಳಿ ಸಾಕಿದ ಒಬ್ಬ ಹಿರಿಯರು ಬಿಟ್ಟರೆ ಯಾರೂ ಕೂಗುತ್ತಿರಲಿಲ್ಲ. ಉಳಿದದ್ದನ್ನು ಚೀಲ ಕಟ್ಟಿ ಬೇನೆ ಬಿದ್ದವರ ಮನೆಗೆ ಒಯ್ದು, ಹಾಡಿ, ಪ್ರಾರ್ಥಿಸಿ ಬರುತ್ತಿದ್ದೆವು.

ಇದನ್ನು ಬದಲಾಯಿಸಿದವಳು ಮಾವಶಿ. ಮಾವಶಿ ಅಂದರೆ ಮರಾಠಿಯಲ್ಲಿ ಅವ್ವನ ತಂಗಿ, ಆದರೆ ಈಕೆ ನನ್ನ ಸ್ವಂತ ಮಾವಶಿಯಲ್ಲ. ಅವ್ವನ ಜೊತೆ ಕಾಂಡಿ ಸುತ್ತಿದವಳು, ಓಣಿಗೆಲ್ಲ ಮಾವಶಿ. ಜಗಳಗಂಟಿ. ಅರ್ಧ ಮಾತು ಕನ್ನಡ, ಅರ್ಧ ಮರಾಠಿ, ಸಿಟ್ಟು ಬಂದರೆ ಎರಡೂ ಒಟ್ಟಿಗೆ. ಒಂದು ದಿನ ಮಂಡಳಿಯ ಸಭೆಯಲ್ಲಿ ಪ್ರಾರ್ಥನೆಗೆ ವಿನಂತಿಗಳಿದ್ದರೆ ಹೇಳಿ ಎಂದು ನಾನು ಕೇಳಿದಾಗ ಆಕೆ ಎದ್ದು ನಿಂತಳು.

"ವಿನಂತಿ ಇಲ್ಲ. ತಕರಾರು ಐತಿ. ಬರಕೋ."

"ಏನ್ ಮಾವಶಿ?"

"ಹೋದ ತಿಂಗಳ ನನಗ ಡೆಂಗ್ಯೂ ಆಗಿತ್ತು. ನೀವೆಲ್ಲಾ ಬಂದ್ರಿ. ಹಾಡಿದ್ರಿ, ಪ್ರಾರ್ಥನಾ ಮಾಡಿದ್ರಿ, ಕಾಳಿನ ಚೀಲಾ ಇಟ್ರಿ. ಅಷ್ಟೂ ಮಂದಿಗೆ ಚಾ ಯಾರ್ ಮಾಡಿದ್ರು? ನಾ ಮಾಡ್ದೆ. ಜ್ವರದಾಗ ಗ್ವಾಡಿ ಹಿಡಕೊಂಡ ಎದ್ದ ಮಾಡ್ದೆ. ನೀವು ಹೋದ ಮ್ಯಾಲ ಕಪ್ ತೊಳದಾಕಿನೂ ನಾನ."

ಯಾರೋ ನಕ್ಕರು. "ಮಾವಶಿ, ನಾವು ಚಾ ಬ್ಯಾಡ ಅಂದಿದ್ವಲ್ಲ."

"ಅಂದ್ರಿ. ಅಂದ ಕುಡದ್ರಿ."

ಆಕೆ ಕೂರಲಿಲ್ಲ. ಇನ್ನು ಮುಂದೆ ಬೇನೆ ಬಿದ್ದವರ ಮನೆಗೆ ಇಬ್ಬಿಬ್ಬರೇ ಹೋಗಬೇಕು, ಕೈಯಲ್ಲಿ ಕಾಳಿನ ಚೀಲವಲ್ಲ, ಅಡುಗೆಗೆ ಆಗುವ ಸಾಮಾನು ಇರಬೇಕು, ಅವರ ಒಲೆಯ ಮೇಲೇ ಅಡುಗೆ ಮಾಡಿ, ಉಣಿಸಿ, ಭಾಂಡೆ ಪಾತ್ರೆ ತೊಳೆದಿಟ್ಟು, ಆಮೇಲೆ ಮನೆಯವರು ಬೇಕೆಂದರೆ ಪ್ರಾರ್ಥನೆ ಎಂದಳು. ನಮ್ಮ ಮನೆಯಲ್ಲಿ ಮಾಡಿ ಡಬ್ಬಿ ಒಯ್ಯಬಾರದೇಕೆ ಎಂದು ಒಬ್ಬರು ಕೇಳಿದರು. "ಡಬ್ಬಿ ಒಯ್ದ್ರ ಅದು ದಾನ ಆಕ್ಕೈತಿ. ಆಕೀ ಒಲಿ ಮುಂದ ಕುಂತ ಮಾಡಿದ್ರ ತಂಗಿ ಬಂದ ಮಾಡಿದಂಗ" ಎಂದಳು. ಅದಕ್ಕೆ ಯಾರೂ ಎದುರಾಡಲಿಲ್ಲ.

ಎದುರಾಡಿದವರು ಪಾಸ್ಟರು. ಕೆಟ್ಟವರಲ್ಲ, ಕೊಲ್ಹಾಪುರದವರು ಏನೆಂದಾರೋ ಎಂಬ ಅಂಜಿಕೆ ಅವರಿಗೆ.

"ಮಂಡಳಿ ನಿಯಮದಾಗ ಅಡಗಿ ಎಲ್ಲಿ ಐತ್ರಿ?"

"ಪ್ರಭು ಶಿಷ್ಯರ ಕಾಲ ತೊಳದದ್ದು ಯಾವ ನಿಯಮದಾಗ ಇತ್ರಿ?" ಎಂದಳು ಮಾವಶಿ. "ನಾವು ಬರೇ ಭಾಂಡೆ ತೊಳ್ಯಾಕ ಕೇಳಾಕತ್ತೇವಿ."

ನನಗೇ ಒಳಗೊಳಗೆ ಇದು ಸರಿಬೀಳಲಿಲ್ಲ. ನಾನು ಓದಿದ್ದೇ ಮಂದಿಯ ಮುಸುರೆಯಿಂದ ದೂರ ಹೋಗಲಿಕ್ಕೆ. ನನ್ನ ಅಜ್ಜಿ ಗೌಡರ ಮನೆಯ ಹಿತ್ತಲಲ್ಲಿ ಸಗಣಿ ಬಳಿದವಳು. ಆ ಮನೆಯ ಒಲೆ ಹೇಗಿತ್ತೆಂದು ಸಾಯುವವರೆಗೆ ಆಕೆ ಕಂಡಿರಲಿಲ್ಲ. ಅಂಥ ಮನೆತನದಲ್ಲಿ ಬಿ.ಎ. ಮಾಡಿ ಮತ್ತೆ ಮಂದಿಯ ಮೋರಿಯ ಮುಂದೆ ಕೂರುವುದೇ? ಆದರೂ ಹೋದೆ, ಮಾವಶಿಯ ಜೋಡಿಯಾಗಿಯೇ. ಆಕೆಗೆ ನನ್ನನ್ನು ಕೆಣಕುವುದು ಇಷ್ಟ. ಒಬ್ಬ ಮುದುಕಿಯ ಮನೆಯಲ್ಲಿ ನಾನು ಕಡಲೆಹಿಟ್ಟಿನಲ್ಲಿ ಕಲಸಿದ ಝುಣಕ ಗಂಟುಗಂಟಾದಾಗ ಆ ಮುದುಕಿಗೆ ಹೇಳಿದಳು: "ತಿನ್ನ ಆಯಿ, ಬಿ.ಎ. ಪಾಸ್ ಝುಣಕ ಐತಿ. ಗಂಟಿನಾಗ ಜ್ಞಾನ ಐತಿ." ಮುದುಕಿ ಹಲ್ಲಿಲ್ಲದ ಬಾಯಲ್ಲಿ ನಗುತ್ತ ಎರಡು ಸಲ ಹಾಕಿಸಿಕೊಂಡಳು.

ಆ ವರ್ಷ ಮಂಡಳಿಗೆ ಮತ್ತೆ ಜೀವ ಬಂತು. ಚರ್ಚಿಗೇ ಬರುವುದನ್ನು ಬಿಟ್ಟಿದ್ದ ಹೆಂಗಸರು ಬಂದರು, ಕಾಂಡಿ ಸುತ್ತುವವರು ಪಾಳಿ ಮುಗಿಸಿ ನೂಲಿನ ಧೂಳು ತಲೆಯ ಮೇಲೆ ಇದ್ದಂತೆಯೇ ಬಂದರು. ಹಾಡು ಬರದವರಿಗೂ ಬೈಬಲ್ ಓದಲು ಬರದವರಿಗೂ ಮಾಡಲು ಒಂದು ಕೆಲಸ ಸಿಕ್ಕಿತ್ತು. ಕ್ರೈಸ್ತರ ಮನೆಗಷ್ಟೇ ಹೋಗಬೇಕೆಂಬ ಮಾತನ್ನು ಯಾರೂ ಎತ್ತಲೇ ಇಲ್ಲ. ಬೇನೆ ಬಿದ್ದ ಮನೆ ಎಂದು ತಿಳಿದರೆ ಹೋಗುತ್ತಿದ್ದೆವು. ಒಲೆ ಮುಟ್ಟಬೇಡಿ ಎಂದು ಯಾರಾದರೂ ಅಂದಾರು ಎಂಬುದು ನಮ್ಮ ತಲೆಗೆ ಹೊಳೆದಿರಲಿಲ್ಲ. ಹೊಳೆಯಬೇಕಾಗಿತ್ತು.

ಒಲೆ ಮುಟ್ಟಬೇಡಿ ಎಂದವಳು ಮಾವಶಿಯ ಓಣಿಯಲ್ಲೇ, ಮಗ್ಗದ ಶೆಡ್ಡಿನ ಹಿಂದಿನ ತಗಡಿನ ಸಾಲು ಮನೆಗಳ ತುದಿಯಲ್ಲಿ ಇದ್ದಳು. ತವರು ಗಡಹಿಂಗ್ಲಜದ ಹತ್ತಿರದ ನೂಲ ಎಂಬ ಊರು. ಲಿಂಗಾಯತರು. ಗಂಡ ಜಾಬರ್, ಜಾಬರ್ ಅಂದರೆ ಕೆಟ್ಟ ಮಗ್ಗ ರಿಪೇರಿ ಮಾಡುವವನು. ಮಕ್ಕಳಿಲ್ಲ. ಆಕೆಯ ಎದೆಯ ಕವಾಟ ಕೆಟ್ಟಿತ್ತು. ಕೊಲ್ಹಾಪುರದ ಆಸ್ಪತ್ರೆಯಲ್ಲಿ ಸರ್ಕಾರದ ಯೋಜನೆಯಲ್ಲಿ ಆಪರೇಷನ್ ಆಗುವುದಿತ್ತು. ಆದರೆ ಮೈಯಲ್ಲಿ ರಕ್ತ ಕಡಿಮೆ. ಚೆನ್ನಾಗಿ ಉಂಡು, ದಣಿಯದೆ ಇದ್ದು, ರಕ್ತ ಏರಿದರೆ ಮಾತ್ರ ಆಪರೇಷನ್ ಎಂದು ಡಾಕ್ಟರು ಹೇಳಿದ್ದರು. ಬೇಕಾದದ್ದು ಇಷ್ಟೇ: ಹೊತ್ತು ಹೊತ್ತಿಗೆ ಬಿಸಿ ಊಟ, ಮತ್ತು ಆಕೆ ಒಲೆಯ ಮುಂದೆ ಹೋಗದಿರುವುದು. ನಮ್ಮ ಮಂಡಳಿ ಹುಟ್ಟಿದ್ದೇ ಇದಕ್ಕೆ ಅನ್ನಿಸಿತು ನನಗೆ.

ಮೆಂತ್ಯಪಲ್ಯ, ಬೆಲ್ಲ, ಜೋಳದ ಹಿಟ್ಟು ಹಿಡಿದು ನಾನು, ಮಾವಶಿ ಹೋದೆವು. ಆಕೆ ಬಾಗಿಲ ಎದುರಿನ ಕಾಟಿನ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ನನಗಿಂತ ಎಷ್ಟೋ ವರ್ಷ ದೊಡ್ಡವಳಿರಲಿಕ್ಕಿಲ್ಲ. ಕನ್ನಡ ಕೇಳಿ ಮುಖ ಅರಳಿತು. ಕೂರಿಸಿದಳು, ಊರು ಕೇಳಿದಳು, ನನ್ನ ಅಜ್ಜಿಯ ಊರಿನ ದಾರಿಯೆಲ್ಲ ಆಕೆಗೆ ಗೊತ್ತಿತ್ತು. ಮಾವಶಿ ಸೆರಗು ಬಿಗಿದು ಅಡುಗೆಮನೆಯ ಕಡೆ ತಿರುಗಿದಾಗ ಆಕೆ ಕೈ ಎತ್ತಿದಳು.

"ತಡೀರಿ. ಒಲಿ ಮುಟ್ಟಬ್ಯಾಡ್ರಿ."

ಮಾವಶಿ ನಿಂತಳು. ಈ ಮಾತನ್ನು ನಮ್ಮ ಮನೆತನದಲ್ಲಿ ನನಗಿಂತ ಮೊದಲು ಕೇಳಿದವರು ಬಹಳ ಜನ ಇದ್ದಾರೆ.

"ಬ್ಯಾಸರ ಮಾಡ್ಕೋಬ್ಯಾಡ ತಂಗಿ" ಎಂದಳು ಆಕೆ, ನನ್ನ ಮುಖ ನೋಡಿ. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದಳು. "ನಾ ಬೇಡ್ಕೊಂಡೀನಿ. ಆಪರೇಷನ್ ಆಗೂತನಕ ಲಿಂಗ ಕಟ್ಟಿದವರ ಕೈಯಾಗಿಂದ ಬಿಟ್ಟ ಬ್ಯಾರೆ ಅಡಗಿ ಉಣ್ಣೂದಿಲ್ಲ ಅಂತ. ಆಪರೇಷನ್ ಆತಂದ್ರ ನೇಮ ಮುಗೀತು. ಆಮ್ಯಾಲ ನಿಮ್ಮ ಮನಿಗೇ ಬಂದ ಉಂತೇನಿ."

"ಹಾಲು, ಹಣ್ಣು?" ಕೇಳಿದಳು ಮಾವಶಿ.

"ಅದಕ್ಕ ನೇಮಿಲ್ಲ."

ಕೊರಳಲ್ಲಿದ್ದ ಲಿಂಗದ ದಾರವನ್ನು ಆಕೆ ಬೆರಳಿಗೆ ಸುತ್ತಿಕೊಂಡಿದ್ದಳು. ಇದು ನಿಜವಾಗಿ ನೇಮವೋ, ಇಲ್ಲ ನೇಮದ ಹೆಸರಲ್ಲಿ ಹಳೆಯದೇ ಮಾತೋ? ನಾನು ಕೇಳಲಿಲ್ಲ. ಬೇನೆ ಬಿದ್ದವಳನ್ನು ಹಾಗೆ ಕೇಳುವುದು ಹೇಗೆ?

ಮುಂದಿನ ಸಭೆಯಲ್ಲಿ ಕೆಲವರಿಗೆ ಸಿಟ್ಟು ಬಂತು. "ನಮ್ಮ ಕೈ ಬ್ಯಾಡ ಅಂದಾಕೀ ಮನಿಗೆ ನಾವ್ಯಾಕ ಹೋಗಬೇಕು? ಬ್ಯಾರೆ ಮನಿ ಇಲ್ಲೇನು?" ಎಂದರು. ನನ್ನ ಮನಸ್ಸಿನಲ್ಲಿ ಇದ್ದದ್ದೂ ಅದೇ. ಮಾವಶಿ ಮಾತ್ರ ತಲೆ ಅಲ್ಲಾಡಿಸಿದಳು.

"ಆಕೀ ದೇವರಿಗೆ ಮಾತ ಕೊಟ್ಟಾಳ. ನಮ್ಮ ಉಪವಾಸದ ದಿನಾ ಯಾರರ ಬಂದ ನಮ್ಮ ಬಾಯಾಗ ಪೇಢಾ ತುರುಕಿದ್ರ ತಿಂತೇವೇನ? ಲಿಂಗ ಕಟ್ಟಿದ ಕೈ ಬೇಕಲ್ಲ, ಆಕೀ ಗಂಡನ ಕೊರಳಾಗೂ ಲಿಂಗ ಐತಿ. ಅಂವಗ ಅಡಗಿ ಕಲಿಸೂಣು."

ಹೀಗೆ ನಮ್ಮ ಮಂಡಳಿ ಒಬ್ಬ ಜಾಬರನಿಗೆ ಅಡುಗೆ ಕಲಿಸಲು ನಿಂತಿತು, ಅದೂ ಹೊಸ್ತಿಲ ಹೊರಗಿನಿಂದ. ಅಡುಗೆಮನೆಗೆ ಹಿಂದೆ ಓಣಿಯ ಕಡೆಗೆ ಇನ್ನೊಂದು ಬಾಗಿಲಿತ್ತು. ಮಾವಶಿ ಅದರ ಹೊರಗೆ ಮಣೆ ಹಾಕಿ ಕೂತಳು, ನಾನು ಸೊಪ್ಪು ಸೋಸುತ್ತ ಪಕ್ಕದಲ್ಲಿ. ಒಳಗೆ ಆತ ಹಿಟ್ಟಿನ ಮುಂದೆ.

"ಕುದಿಯೂ ನೀರ ಹಾಕ್ರಿ. ಹಾಂ, ಬಸ್. ಈಗ ನಾದ್ರಿ."

"ಕೈ ಸುಡ್ತೈತಿ ಮಾವಶಿ."

"ಸುಡ್ತೈತಿ. ಆಕೀಗೆ ದಿನಾ ಸುಡ್ತಿತ್ತು, ಈಗ ಗೊತ್ತಾತಿಲ್ಲೋ? ನಾದ್ರಿ. ಈಗ ಬಡೀರಿ. ಮೆತ್ತಗ, ಮೆತ್ತಗ. ಮಗ್ಗದ ಬೋಲ್ಟ್ ಅಲ್ಲದು."

ಮೊದಲ ರೊಟ್ಟಿ ಒಂದು ಕಡೆ ಉದ್ದ, ಒಂದು ಕಡೆ ಹರಿದು, ನಡುವೆ ತೂತು. ಆತ ಅದನ್ನು ಎತ್ತಿ ತೋರಿಸಿದ. ಮಾವಶಿ ನೋಡಿ, "ಇದೇನ ರೊಟ್ಟಿ ಅಲ್ಲ, ಕರ್ನಾಟಕದ ನಕಾಶಾ" ಎಂದಳು.

ಕಾಟಿನ ಮೇಲಿಂದ ಆಕೆಯ ದನಿ ಬಂತು: "ಬೆಳಗಾವಿ ಎಲ್ಲೈತಿ ನೋಡ್ರಿ. ಮಹಾರಾಷ್ಟ್ರದಾಗ ಹೋತೇನ?"

"ಹರದ ತವಿಗೆ ಅಂಟೇತಿ" ಎಂದ ಗಂಡ. "ಯಾರಿಗೂ ಇಲ್ಲ ಅದು."

ಆಕೆ ನಕ್ಕಳು. ನಗುವಿಗೆ ಕೆಮ್ಮು ಬಂತು, ಕೆಮ್ಮಿಗೆ ಉಸಿರು ಸಿಕ್ಕಿಹಾಕಿಕೊಂಡಿತು, ಆತ ಬಡಿಯುವುದನ್ನು ನಿಲ್ಲಿಸಿದ. ಉಸಿರು ತಿರುಗಿದ ಮೇಲೆ ಆಕೆಯೇ, "ಬಡೀರಿ, ಯಾಕ ನಿಂತ್ರಿ?" ಎಂದಳು.

ಆತ ಕಲಿತ. ರೊಟ್ಟಿ ದುಂಡಗಾಯಿತು, ಬೇಳೆ ಬೆಂದಿತು, ಮೆಂತ್ಯಪಲ್ಯದಲ್ಲಿ ಮಣ್ಣು ಬರುವುದು ನಿಂತಿತು. ನಾವು ಬಟ್ಟೆ ಒಗೆಯುತ್ತಿದ್ದೆವು, ಸೇಂಗಾ ಸುಲಿಯುತ್ತಿದ್ದೆವು, ಹಾಲು ಹಣ್ಣು ಒಯ್ಯುತ್ತಿದ್ದೆವು. ಭಾಂಡೆ ನಾವು ತೊಳೆದಿಟ್ಟರೆ ಆತ ಒಳಗೆ ಒಯ್ಯುವ ಮೊದಲು ಇನ್ನೊಮ್ಮೆ ನೀರು ಹಾಯಿಸುತ್ತಿದ್ದ. ನಮ್ಮ ಕಣ್ಣು ತಪ್ಪಿಸಿ ಹಾಯಿಸುತ್ತಿದ್ದ. ನಾನು ಕಂಡೆ, ಮಾವಶಿಯೂ ಕಂಡಿರಬೇಕು. ಪ್ರಾರ್ಥನೆ ಮಾಡಲೇ ಎಂದು ಕೇಳಿದರೆ ಆಕೆ ಬೇಡ ಅನ್ನುತ್ತಿರಲಿಲ್ಲ. ತನ್ನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, ನಮ್ಮ ಜೊತೆ ತಾನೂ ಕಣ್ಣು ಮುಚ್ಚುತ್ತಿದ್ದಳು.

ಆದರೆ ಜಾಬರನ ಕೆಲಸಕ್ಕೆ ಹೊತ್ತು ಗೊತ್ತು ಅನ್ನುವುದಿಲ್ಲ. ಮಗ್ಗ ಕೆಟ್ಟಾಗ ಕರೆ ಬರುತ್ತದೆ. ಹಬ್ಬದ ಮುಂದಿನ ಆರ್ಡರುಗಳು ಬಂದಾಗ ಆತ ಬೆಳಗಿನಲ್ಲಿ ರೊಟ್ಟಿ ಬಡಿದಿಟ್ಟು ಹೋದರೆ ಸಂಜೆಯೇ ಬರುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಎಲ್ಲ ತಣ್ಣಗೆ. ಹಾಲು ಕಾಯಿಸಿದರೂ ಅದು ಅಡುಗೆಯಾಗುತ್ತದೆಯೆಂದು ಆಕೆಗೆ ಅನುಮಾನ. ಒಂದು ಮಧ್ಯಾಹ್ನ ಹೋದಾಗ ಆಕೆ ಒಲೆಯ ಮುಂದೆ ನೆಲದ ಮೇಲೆ ಕೂತಿದ್ದಳು. ಗ್ಯಾಸಿನ ಮೇಲೆ ಅನ್ನ ಉಕ್ಕುತ್ತಿತ್ತು. ಎದ್ದು ಅದನ್ನು ಇಳಿಸುವ ಶಕ್ತಿ ಆಕೆಯಲ್ಲಿರಲಿಲ್ಲ.

"ಉರಿ ಆರಸ್ಲಿ?" ಎಂದು ಮಾವಶಿ ಹೊಸ್ತಿಲಿಂದ ಕೇಳಿದಳು.

ಆಕೆ ಬೇಡವೆಂದು ಕೈ ಆಡಿಸಿದಳು. ಒಳಗೆ ಕಾಲಿಟ್ಟರೆ ಮುಗಿಯುವ ಕೆಲಸ ಅದು. ಮಾವಶಿ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದು ನಿಂತಳು. ಅನ್ನ ಸೀದ ವಾಸನೆ ಬರುವವರೆಗೆ ನಿಂತಿದ್ದೆವು. ಕೊನೆಗೆ ಆಕೆಯೇ ಗೋಡೆ ಹಿಡಿದು ಎದ್ದು ಗ್ಯಾಸ್ ತಿರುವಿದಳು.

ರಕ್ತ ಏರಲಿಲ್ಲ. ಬಾಟಲಿಯ ರಕ್ತವನ್ನು ಎದೆ ತಡೆಯಲಿಕ್ಕಿಲ್ಲ, ಆಸ್ಪತ್ರೆಯಲ್ಲಿಟ್ಟುಕೊಂಡು ಊಟ ಔಷಧದಿಂದಲೇ ಏರಿಸೋಣವೆಂದು ಡಾಕ್ಟರು ಆಕೆಯನ್ನು ಕೊಲ್ಹಾಪುರಕ್ಕೆ ಸೇರಿಸಿಕೊಂಡರು. ನನಗೆ ದೀಪಾವಳಿಯ ರಜೆ ಇತ್ತು, ಹೋಗಿ ಜೊತೆಗಿದ್ದೆ. ಮಾವಶಿ ಆಗಾಗ ಬಂದು ಹೋಗುತ್ತಿದ್ದಳು. ವಾರ್ಡಿನಲ್ಲಿ ಹೊತ್ತು ಹೊತ್ತಿಗೆ ಊಟದ ಗಾಡಿ ಬರುತ್ತಿತ್ತು; ಬಿಸಿ ಅನ್ನ, ಬೇಳೆ, ಒಂದು ಪಲ್ಯ. ಎಲ್ಲ ಕಾಟುಗಳ ಮುಂದೆ ನಿಂತ ಗಾಡಿ ನಮ್ಮ ಕಾಟಿನ ಮುಂದೆ ಮಾತ್ರ ಸುಮ್ಮನೆ ದಾಟಿ ಹೋಗುತ್ತಿತ್ತು. ಗಂಡ ಬಂದಾಗೊಮ್ಮೆ ಒಣಗಿಸಿದ ಕಟಕ ರೊಟ್ಟಿ, ಸೇಂಗಾ ಚಟ್ನಿ ಕಟ್ಟಿಕೊಂಡು ಬರುತ್ತಿದ್ದ. ಆಕೆ ಅದನ್ನೇ ನೀರಲ್ಲಿ ನೆನೆಸಿ ಎರಡು ತುತ್ತು ತಿನ್ನುತ್ತಿದ್ದಳು. ಬಾಳೆಹಣ್ಣನ್ನು ಅರ್ಧಕ್ಕೇ ಬಿಡುತ್ತಿದ್ದಳು.

ಸಣ್ಣ ವಯಸ್ಸಿನ ಡಾಕ್ಟರ್ ನನ್ನನ್ನು ಹೊರಗೆ ಕರೆದ. ನನ್ನ ಕೈಯಲ್ಲಿದ್ದ ರಿಪೋರ್ಟನ್ನು ನಾನೇ ಓದಿದ್ದನ್ನು ಆತ ನೋಡಿದ್ದ. "ಅಕ್ಕಾ, ನೀವು ಕಲಿತವರು, ನೀವಾದರೂ ತಿಳಿಸಿ ಹೇಳಿ" ಎಂದು ಮರಾಠಿಯಲ್ಲಿ ಹೇಳಿದ. ಕಲಿತವಳು ಅನ್ನಿಸಿಕೊಳ್ಳಲು ನಾನು ಎಷ್ಟು ವರ್ಷ ಕಾದಿದ್ದೆ. ರಿಪೋರ್ಟಿನ ಪ್ರತಿ ಇಂಗ್ಲಿಷ್ ಪದವೂ ನನಗೆ ಅರ್ಥವಾಗುತ್ತಿತ್ತು. ಹೋಗಿ ಆಕೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ: ರಕ್ತ ಎಂದರೆ ಏನು, ಆಪರೇಷನ್ ಯಾಕೆ ತಡೆದಿದೆ, ಈ ನೇಮಕ್ಕೆ ಏನು ಬೆಲೆ ತೆರುತ್ತಿದ್ದೀರಿ. ಆಕೆ ಕೊನೆಯವರೆಗೆ ಕೇಳಿದಳು.

"ಎಲ್ಲಾ ಖರೇನ ಹೇಳಾಕತ್ತಿ ತಂಗಿ. ಆದ್ರ ನಾ ಬೇಡಿದ್ದು ಡಾಕ್ಟರಗಲ್ಲ. ನಡುವ ಬಿಟ್ಟ ಮ್ಯಾಲ ಆಪರೇಷನ್ದಾಗ ಏನರ ಆದ್ರ? ಯಾರನ್ನ ಕೇಳ್ಲಿ?"

ನಾನು ರಿಪೋರ್ಟನ್ನು ಮಡಚಿ ಚೀಲದಲ್ಲಿಟ್ಟೆ.

ಮಾವಶಿ ಆ ದಿನ ವರಾಂಡದಲ್ಲಿ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದಳು. ಜಾಬರ್ ಬಿಟ್ಟುಹೋದ ಸ್ಟೀಲ್ ಡಬ್ಬಿ ಆಕೆಯ ಕೈಯಲ್ಲಿತ್ತು. "ಕ್ಯಾಂಟೀನಿಗೆ ಹೋಗೂಣು. ಬಿಸಿ ಅನ್ನಾ ಸಾರಾ ಇದರಾಗ ಹಾಕ್ಸೂಣು. ಗಂಡ ಕೊಟ್ಟ ಕಳಿಸ್ಯಾನ ಅಂದ್ರಾತು. ದೇವರು ನನ್ನ ಕೇಳ್ಲಿ, ನಾ ಹೇಳ್ಕೋತೇನಿ."

ನಾನು ತಡೆಯಲಿಲ್ಲ. ಮಾವಶಿ ಹೋಗಿ ಡಬ್ಬಿ ತುಂಬಿಸಿಕೊಂಡು ಬಂದಳು. ಕಾಟಿನ ಪಕ್ಕದಲ್ಲಿ ಮುಚ್ಚಳ ತೆಗೆದಾಗ ಬೇಳೆಯ ಬಿಸಿ ವಾಸನೆ ಎದ್ದಿತು. ಆಕೆ ಡಬ್ಬಿಯನ್ನು ನೋಡಿದಳು, ಆಮೇಲೆ ನಮ್ಮಿಬ್ಬರನ್ನು.

"ಅವರು ಬಂದಿದ್ರೇನ?"

ಮಾವಶಿ ಬಾಯಿ ತೆರೆದಳು.

"ನೀವು ಹೇಳಿದ್ದು ನಂಬ್ತೇನಿ ಮಾವಶಿ" ಎಂದಳು ಆಕೆ, ಸಮಾಧಾನದಿಂದ. "ನೀವು ದೇವರ ಹೆಸರ ತಗೊಂಡ ಬರೂ ಮಂದಿ. ಸುಳ್ಳ ಹೇಳಂಗಿಲ್ಲ. ಅವರ ಮಾಡಿದ್ದಂತ ಹೇಳ್ರಿ, ಉಂತೇನಿ."

ಮಾವಶಿ ಡಬ್ಬಿಗೆ ಮುಚ್ಚಳ ಹಾಕಿದಳು. ಅದನ್ನು ಪಕ್ಕದ ಕಾಟಿನ ಮುದುಕಿಗೆ ಕೊಟ್ಟಳು. ಆ ಮುದುಕಿ ಜಾತಿ ಕೇಳದೆ ಉಂಡಳು.

ಆಪರೇಷನ್ ಮುಂದಕ್ಕೆ ಹೋಯಿತು, ಇನ್ನೊಮ್ಮೆ ಮುಂದಕ್ಕೆ ಹೋಯಿತು. ನಡುವೆ ಕಾಲಿಗೆ ಬಾವು ಬಂತು, ಎದೆಯಲ್ಲಿ ನೀರು ತುಂಬಿತು. ಕೊನೆಗೆ ದೊಡ್ಡ ಡಾಕ್ಟರು ಗಂಡನನ್ನು ಕೂರಿಸಿಕೊಂಡು, ಎದೆ ಈಗ ಆಪರೇಷನ್ ತಡೆಯುವುದಿಲ್ಲ, ಗುಳಿಗೆಯ ಮೇಲೆ ಎಷ್ಟು ದಿನ ನಡೆಯುತ್ತದೋ ನಡೆಯಲಿ ಎಂದರು. ಆತ ಮತ್ತೆ ಮತ್ತೆ ನನ್ನ ಮುಖ ನೋಡುತ್ತಿದ್ದ, ನಾನು ಅದನ್ನು ಬೇರೆ ಯಾವುದಾದರೂ ಭಾಷೆಯಲ್ಲಿ ಬೇರೆಯಾಗಿ ಹೇಳಿಯೇನು ಎಂಬಂತೆ. ಆಕೆಯ ಅಣ್ಣ ಬಂದು ಆಕೆಯನ್ನು ನೂಲಕ್ಕೆ ಕರೆದುಕೊಂಡು ಹೋದ.

ಮಾವಶಿ ಸುಮ್ಮನಿರಲಿಲ್ಲ. ಒಂದು ಭಾನುವಾರ ಆರಾಧನೆ ಬಿಟ್ಟು ನಾವಿಬ್ಬರೂ ಎಸ್.ಟಿ. ಬಸ್ಸು ಹತ್ತಿ ಗಡಹಿಂಗ್ಲಜಕ್ಕೆ ಹೋದೆವು. ಅಲ್ಲಿಂದ ಬಾಡಿಗೆಗೆ ಮಂದಿ ತುಂಬಿಕೊಂಡು ಹೋಗುವ ಜೀಪು ಹಿಡಿದು ನೂಲಕ್ಕೆ. ಅಣ್ಣನ ಮನೆ ಹೊಲದ ಹತ್ತಿರವೇ, ಮುಂದೆ ಕಬ್ಬು. ಆಕೆಯನ್ನು ಗಾಳಿಯಾಡಲೆಂದು ಪಡಸಾಲೆಯಲ್ಲಿ ಮಲಗಿಸಿದ್ದರು. ಮುಖ ಊದಿತ್ತು, ತೋಳು ಕಡ್ಡಿಯಾಗಿತ್ತು. ಅಣ್ಣನ ಹೆಂಡತಿ ನಮಗೆ ನೀರು ತಂದುಕೊಟ್ಟಳು. ದಿನಾ ಬಿಸಿ ಬಿಸಿ ಮಾಡಿ ಮುಂದಿಟ್ಟರೂ ಉಣ್ಣುವುದಿಲ್ಲ ನೋಡಿ ಎಂದು ದೂರಿದಳು. ಲಿಂಗ ಕಟ್ಟಿದ ಕೈ, ಬಿಸಿ ಅಡುಗೆ, ತವರು ಮನೆ, ಎಲ್ಲ ಇತ್ತು ಈಗ.

ಮಾವಶಿ ಆಕೆಯ ಕಾಲು ತಿಕ್ಕುತ್ತ ಇಚಲಕರಂಜಿಯ ಸುದ್ದಿ ಹೇಳಿದಳು. ಗಂಡ ಈಗ ಮಗ್ಗದ ಹುಡುಗರಿಗೆಲ್ಲ ರೊಟ್ಟಿ ಬಡಿದು ತಿನ್ನಿಸುತ್ತಾನೆ ಎಂದಾಗ ಆಕೆಯ ತುಟಿ ಸ್ವಲ್ಪ ನಕ್ಕಿತು. ಆಮೇಲೆ ಆಕೆಯ ಕಣ್ಣು ನನ್ನ ಚೀಲದ ಕಡೆ ಹೋಯಿತು.

"ಡಬ್ಬಿ ತಂದೀರೇನ?"

"ನಮಗ ತಂದೇವಿ ಅಕ್ಕಾರ" ಎಂದೆ. "ದಾರ್‍ಯಾಗ ಉಣ್ಣಾಕ. ರೊಟ್ಟಿ, ಬದನಿಕಾಯಿ."

"ಯಾರ ಮಾಡಿದ್ದು?"

"ನಾ ಮಾಡ್ದೆ" ಎಂದಳು ಮಾವಶಿ.

"ತಗೀರಿ. ಒಂದ ತುತ್ತ ಕೊಡ್ರಿ ನನಗ."

ಮಾವಶಿಯ ಕೈ ಆಕೆಯ ಕಾಲಿನ ಮೇಲೇ ನಿಂತಿತು. ಅಣ್ಣನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ನೇಮ ಐತೆಲ್ಲ ಅಕ್ಕಾರ" ಎಂದೆ.

"ಆಪರೇಷನ್ ಆಗೂತನಕ ಅಂದಿದ್ದೆ ತಂಗಿ. ಆಪರೇಷನ್ನ ಇಲ್ಲಲ್ಲ ಈಗ." ಉಸಿರು ಎಳೆದುಕೊಂಡಳು. "ನೇಮಾನೂ ಇಲ್ಲ. ಕೊಡ್ರಿ."

ನಾನು ಡಬ್ಬಿ ತೆಗೆದೆ. ಮಾವಶಿ ರೊಟ್ಟಿ ಮುರಿದು, ಬದನೆಕಾಯಿಯ ರಸದಲ್ಲಿ ಅದ್ದಿ, ಮೆತ್ತಗಾಗುವವರೆಗೆ ಬೆರಳಲ್ಲಿ ಹಿಡಿದು, ಆಕೆಯ ಬಾಯಿಗಿಟ್ಟಳು. ಆಕೆ ನಿಧಾನ ಅಗಿದು ನುಂಗಿದಳು. ಇನ್ನೊಂದು ತುತ್ತು ತಿಂದಳು. ಮೂರನೆಯದಕ್ಕೆ ಬಾಯಿ ತಿರುಗಿಸಿದಳು.

"ಖಾರ ಭಾಳ ಹಾಕ್ತೀರಿ ಮಾವಶಿ ನೀವು."

"ಹೌದು" ಎಂದಳು ಮಾವಶಿ. "ನಮ್ಮ ಮನ್ಯಾಗೂ ಅಂತಾರ."

ಹಾಗಾದರೆ ಅದು ನಿಜವಾದ ನೇಮವೇ ಆಗಿತ್ತು. ನನ್ನ ಅನುಮಾನ ಹೋಗುವ ಹೊತ್ತಿಗೆ ಅದರಿಂದ ಯಾರಿಗೂ ಏನೂ ಆಗುವಂತಿರಲಿಲ್ಲ. ತಿರುಗಿ ಬರುವಾಗ ಗಡಹಿಂಗ್ಲಜದ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತ ಕೂತಿದ್ದೆವು. ಡಬ್ಬಿಯಲ್ಲಿ ಉಳಿದದ್ದನ್ನು ಇಬ್ಬರೂ ಮುಟ್ಟಲಿಲ್ಲ. ಮಾವಶಿ ಹೇಳಿದಳು:

"ಆಕೀ ನೇಮ ಮುಗೀಲಿ, ನನ್ನ ಕೈಯಾಗಿಂದ ಒಂದ ತುತ್ತ ಉಣ್ಣಲಿ ಅಂತ ದಿನಾ ಪ್ರಾರ್ಥನಾ ಮಾಡ್ತಿದ್ದೆ ನಾ. ದೇವರ ಕೇಳಿದ ನೋಡು."

ಮುಂದಿನ ಸಭೆಯಲ್ಲಿ ನೂಲಕ್ಕೆ ಹೋಗಿ ಬಂದದ್ದನ್ನು ನಾನು ವರದಿ ಮಾಡಿದೆ. ಆಕೆ ಉಂಡಳು ಎಂದದ್ದೇ ತಡ, ಹೆಂಗಸರು ದೇವರಿಗೆ ಸ್ತೋತ್ರ ಎಂದು ಕೈ ಮುಗಿದರು. ಇಷ್ಟು ದಿನ ಹೊಸ್ತಿಲಲ್ಲಿ ಕೂತದ್ದು ಸಾರ್ಥಕವಾಯಿತು ಎಂದರು. ಸುದ್ದಿ ಕೊಲ್ಹಾಪುರಕ್ಕೆ ಮುಟ್ಟಿತು. ಯಾವ ಕೊಲ್ಹಾಪುರಕ್ಕೆ ನಮ್ಮ ಪಾಸ್ಟರು ಅಂಜಿದ್ದರೋ ಅಲ್ಲಿಂದಲೇ, ಈ ವರ್ಷದ ಸಮ್ಮೇಳನದಲ್ಲಿ ಇಚಲಕರಂಜಿಯವರು ಇದರ ಸಾಕ್ಷಿ ಹೇಳಬೇಕು, ಎಲ್ಲ ಊರಿನ ಮಂಡಳಿಗಳೂ ಹೀಗೆ ಎದ್ದು ಕೆಲಸ ಮಾಡಬೇಕು ಎಂದು ಹೇಳಿ ಕಳಿಸಿದರು. ಮಾವಶಿ ವೇದಿಕೆ ಹತ್ತಲು ಒಪ್ಪಲಿಲ್ಲ. "ಡಿಗ್ರಿ ಯಾರ ಕಡೆ ಐತಿ, ಅವರ ಮಾತಾಡ್ಲಿ" ಎಂದಳು. ಕೆಣಕುವ ದನಿ ಇರಲಿಲ್ಲ.

ದೊಡ್ಡ ಹಾಲ್ ತುಂಬ ಹೆಂಗಸರು. ನಾನು ಮರಾಠಿಯಲ್ಲಿ ಮೊದಲಿನಿಂದ ಹೇಳಿದೆ. ಜಾಬರನ ರೊಟ್ಟಿಗೆ ನಕ್ಕರು, ಸೀದ ಅನ್ನಕ್ಕೆ ಸುಮ್ಮನಾದರು. ನೂಲದ ಪಡಸಾಲೆಗೆ ಬಂದು, ಆಕೆ ನಮ್ಮ ಕೈಯಿಂದ ಕೇಳಿ ಉಂಡಳು ಎಂದೆ. ಯಾಕೆ ಉಂಡಳು ಎಂಬ ಮಾತು ನನ್ನ ಬಾಯಲ್ಲೇ ಇತ್ತು, ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಯಾರೋ ಹಾಡು ಎತ್ತಿದರು, ಇಡೀ ಹಾಲ್ ಎದ್ದು ನಿಂತು ಹಾಡಿತು. ನಾನು ಮೈಕಿನ ಮುಂದೆ ಕಾದೆ. ಹಾಡು ಮುಗಿದ ಮೇಲೆ ಅಧ್ಯಕ್ಷೆ ನನ್ನ ಬೆನ್ನು ತಟ್ಟಿ ಮುಂದಿನ ಊರಿನವರನ್ನು ಕರೆದರು.

ಚಹಾದ ಹೊತ್ತಿಗೆ ಹಲವರು ಸುತ್ತುವರಿದರು. ಹುಪರಿಯ ಮಂಡಳಿಯವರು ಇಬ್ಬಿಬ್ಬರೇ ಹೋಗುವ ನಿಯಮವನ್ನು ಕೇಳಿಕೊಂಡರು. ಜಯಸಿಂಗಪುರದ ಒಬ್ಬ ಹೆಂಗಸು, ಕನ್ನಡದವಳೇ, ಮಾವಶಿಯ ಹತ್ತಿರ ಬಂದು ಕೂತಳು.

"ನಮ್ಮ ಓಣ್ಯಾಗೂ ಒಬ್ಬಾಕಿ ಇದಾಳ್ರಿ. ಹಿಂಗ, ನಮ್ಮ ಕೈಲೆ ಉಣ್ಣಂಗಿಲ್ಲ ಅಂತಾಳ. ಆಕೀನೂ ನೇಮ ಹಿಡದಾಳ. ಏನ್ ಮಾಡಿದ್ರ ಒಪ್ತಾರ ಮಾವಶಿ?"

ಮಾವಶಿ ಕಪ್ಪನ್ನು ಕೆಳಗಿಟ್ಟಳು. "ಒಪ್ಪಬಾರದಂತ ಪ್ರಾರ್ಥನಾ ಮಾಡ್ರಿ" ಎಂದಳು.

ಆ ಹೆಂಗಸು ಚೇಷ್ಟೆಯೆಂದುಕೊಂಡು ನಕ್ಕಳು. ಇಚಲಕರಂಜಿಯ ಬಸ್ಸಿಗೆ ಹೊತ್ತಾಗಿತ್ತು, ನಾವು ಎದ್ದೆವು. ಏನಾದರೂ ಆದರೆ ಬರಬೇಕಾಗಿದ್ದ ಫೋನು ನೂಲದಿಂದ ಆವತ್ತಿನವರೆಗೂ ಬಂದಿರಲಿಲ್ಲ.